ಅಕ್ಕನ ಮುಂದೆ ದಾಟಿಹೋದ ತಟ್ಟೆ

ಒಣದ್ರಾಕ್ಷಿ ಕುದಿಯುವ ವಾಸನೆ ಬಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಶಿವಮೊಗ್ಗದಲ್ಲಿ ನನ್ನ ಸೈಕಲ್ ರಿಪೇರಿ ಅಂಗಡಿಯ ಪಕ್ಕದಲ್ಲಿ ಒಂದು ಬೇಕರಿ ಇದೆ. ಡಿಸೆಂಬರ್ ಬಂದರೆ ಅವರು ಕೇಕಿಗೆಂದು ಕಪ್ಪು ದ್ರಾಕ್ಷಿ ಬೇಯಿಸುತ್ತಾರೆ. ಸಿಹಿಯ ಹಿಂದೆ ಒಂಚೂರು ಹುಳಿ ಇರುವ ಆ ವಾಸನೆ ಗ್ರೀಸಿನ ವಾಸನೆಯನ್ನೂ ದಾಟಿ ಒಳಗೆ ಬರುತ್ತದೆ. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಹೊರಗೆ ಹೋಗಿ ನಿಲ್ಲುತ್ತೇನೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಬರೆದು ಅಭ್ಯಾಸವಿಲ್ಲ. ಆದರೆ ಆ ವಾಸನೆಯ ಮನೆ ಈಗ ಇಲ್ಲ, ಅದರಲ್ಲಿದ್ದವರೂ ಇಲ್ಲ. ನಿಮ್ಮಲ್ಲೂ ಅಂಥ ಒಂದು ಮನೆಯನ್ನು ಕಳೆದುಕೊಂಡವರು ಇರಬಹುದು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅಪ್ಪ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದ. ಭಾನುವಾರ ನಮ್ಮ ಸಣ್ಣ ಕ್ರೈಸ್ತ ಸಭೆಯ ಹಿರಿಯನಾಗುತ್ತಿದ್ದ. ಬಾಗಿಲು ತೆರೆದ ಕೂಡಲೇ ಎದುರಿಗೆ ಒಂದು ತಗಡು ಕಾಣುತ್ತಿತ್ತು. ಅದರ ಮೇಲೆ ಅಪ್ಪ ಕೆಂಪು ಬಣ್ಣದಲ್ಲಿ ಬೈಬಲಿನ ಹತ್ತು ಆಜ್ಞೆಗಳನ್ನೂ ತಾನೇ ಬರೆದಿದ್ದ. "ಕದೀಬೇಡ ಅಂತ ಬರ್ದಿರೋ ತಗಡು ಎಲ್ಲಿಂದ ಬಂತು ಅಂತ ನಿಮ್ಮಪ್ಪನ್ನ ಕೇಳ್ರೋ" ಎಂದು ಅಮ್ಮ ನಗುತ್ತಿದ್ದಳು. "ಅದು ಸ್ಕ್ರ್ಯಾಪ್ ಕಣೇ, ಬಿಸಾಕಿದ್ದು" ಎಂದು ಅಪ್ಪ ಗದರುತ್ತಿದ್ದ. ಭಾನುವಾರ ನಮ್ಮ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ, ಉಗುರು ಕತ್ತರಿಸುವಂತಿರಲಿಲ್ಲ, ರೇಡಿಯೊ ಹಾಕುವಂತಿರಲಿಲ್ಲ. ಶನಿವಾರದ ಸಾರನ್ನೇ ತಣ್ಣಗೆ ಉಣ್ಣುತ್ತಿದ್ದೆವು. ಆರಾಧನೆಯ ಹೊತ್ತಿನಲ್ಲಿ ತಲೆ ಹಿಂದಕ್ಕೆ ತಿರುಗಿಸಬಾರದು ಎನ್ನುವುದು ಅಪ್ಪನ ಇನ್ನೊಂದು ನಿಯಮ. ಹಿಂದೆ ಮಗು ಅತ್ತರೂ, ಬೆಂಚು ಮುರಿದು ಬಿದ್ದರೂ ಅಪ್ಪನ ಕತ್ತು ಅಲುಗುತ್ತಿರಲಿಲ್ಲ. ಸಭೆಯ ಪಾದ್ರಿ ಅಯ್ಯನವರು ಮಾತ್ರ ಬೇರೆ ಥರದ ಮನುಷ್ಯರು. ಆಜ್ಞೆ ಥರ್ಮಾಮೀಟರ್ ಇದ್ದ ಹಾಗೆ, ಅದು ಜ್ವರ ತೋರಿಸುತ್ತದೆ, ಇಳಿಸುವುದಿಲ್ಲ, ಇಳಿಸುವುದು ದೇವರ ಕೃಪೆ, ಅದನ್ನು ಯಾರೂ ದುಡಿದು ಪಡೆಯುವುದಕ್ಕೆ ಆಗುವುದಿಲ್ಲ ಎಂದು ಅವರು ಬೋಧಿಸುತ್ತಿದ್ದರು. ಅಪ್ಪ ಹೊರಗೆ ಬಂದ ಮೇಲೆ ಅವರನ್ನು ತಡೆದು, "ಥರ್ಮಾಮೀಟರ್ ಇಲ್ದೆ ಡಾಕ್ಟರು ಏನ್ ಮಾಡ್ತಾರೆ ಅಯ್ಯನವರೇ?" ಎನ್ನುತ್ತಿದ್ದ. ಇಬ್ಬರೂ ಚರ್ಚಿನ ಬಾಗಿಲಲ್ಲಿ ಬಿಸಿಲಿಗೆ ನಿಂತು ವಾದ ಮಾಡುತ್ತಿದ್ದರು. ನಾವು ಹಸಿದುಕೊಂಡು ಕಾಯುತ್ತಿದ್ದೆವು.

ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ಸಭೆಯವರೆಲ್ಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ. ಅದಕ್ಕೆ ಬೇಕಾದ ದ್ರಾಕ್ಷಾರಸ ಮಾಡುವ ಕೆಲಸ ಅಮ್ಮನದು. ಶನಿವಾರ ಒಣದ್ರಾಕ್ಷಿ ನೆನೆಸಿ, ಕುದಿಸಿ, ಕಿವುಚಿ, ಬಿಳಿ ಬಟ್ಟೆಯಲ್ಲಿ ಸೋಸಿ, ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಅಡುಗೆಮನೆಯ ಕಟ್ಟೆಯ ಮೇಲೆ ಇಡುತ್ತಿದ್ದಳು. ನಾನು ಮತ್ತು ನನ್ನಕ್ಕ ಶಾಂತಾ ಸೋಸಿದ ಚರಟವನ್ನು ಚೀಪಲು ಕಾಯುತ್ತಿದ್ದೆವು. ಒಂದು ಶನಿವಾರ ಸಂಜೆ ಮನೆಯಲ್ಲಿ ಯಾರೂ ಇಲ್ಲದಾಗ ನಾನು ಆ ಬಟ್ಟೆ ಬಿಚ್ಚಿದೆ. ಒಂದು ಗುಟುಕು ಎಂದುಕೊಂಡವನು ಅರ್ಧ ಪಾತ್ರೆ ಖಾಲಿ ಮಾಡಿದೆ. ಹೆದರಿ ಕೊಡದ ನೀರು ಸುರಿದು ಮತ್ತೆ ಬಟ್ಟೆ ಕಟ್ಟಿಟ್ಟೆ. ಮರುದಿನ ಸಣ್ಣ ಲೋಟಗಳಲ್ಲಿ ಇದ್ದದ್ದು ತೊಳೆದ ನೀರಿನ ಬಣ್ಣ. ಮನೆಗೆ ಬಂದು ಅಪ್ಪ ನಮ್ಮಿಬ್ಬರನ್ನೂ ತಗಡಿನ ಕೆಳಗೆ ನಿಲ್ಲಿಸಿ, "ಯಾರು?" ಎಂದ. ನಾನು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅಕ್ಕ ಅದನ್ನು ನೋಡಿ, "ನಾನೇ ಕುಡ್ದೆ ಅಪ್ಪಾ" ಎಂದಳು.

ಮುಂದಿನ ಭೋಜನದವರೆಗೆ ಪ್ರತಿ ಭಾನುವಾರ ಅವಳು ಕೊನೆಯ ಬೆಂಚಿನ ಹಿಂದೆ ಗೋಡೆಗೆ ಒರಗದೆ ನಿಲ್ಲಬೇಕೆಂದು ಅಪ್ಪ ತೀರ್ಪು ಕೊಟ್ಟ. ನಾನು ಮುಂದಿನ ಬೆಂಚಿನಲ್ಲಿ ಅಪ್ಪನ ಪಕ್ಕ ಕೂತೆ. ಹಿಂದೆ ತಿರುಗಬಾರದು ಎಂಬ ನಿಯಮ ಅವತ್ತು ನನಗೆ ಬಹಳ ಒಳ್ಳೆಯದಾಗಿ ಕಂಡಿತು. ದಾರಿಯಲ್ಲಿ ಅಕ್ಕ ಕಾಲು ಎಳೆಯುತ್ತಾ, "ಎಷ್ಟು ಸಿಹಿ ಇತ್ತು ಹೇಳೋ ಸಾಮು. ನಿಂತಿದ್ದಕ್ಕೆ ಅಷ್ಟಾದ್ರೂ ಗೊತ್ತಾಗ್ಲಿ ಮಾರಾಯ" ಎಂದು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಯಾರೂ ಕೇಳದೆ ಒಬ್ಬರು ನಮಗಾಗಿ ನಿಂತುಬಿಟ್ಟರೆ ಎಷ್ಟು ಸಿಟ್ಟು ಬರುತ್ತದೆ ಎಂದು ಅವತ್ತೇ ಗೊತ್ತಾಯಿತು. ಅವಳಿಗೆ ಥ್ಯಾಂಕ್ಸ್ ಹೇಳುವ ಬದಲು ನಾನು ಒಳ್ಳೆಯವನಾದೆ. ಒಂದು ಆಜ್ಞೆಯನ್ನೂ ಮೀರದ, ಸಿನಿಮಾ ನೋಡದ, ಹಿಂದೆ ತಿರುಗದ ಹುಡುಗನಾದೆ. ಸಭೆಯವರೆಲ್ಲ ಹೊಗಳಿದರು.

ಅಕ್ಕ ದೊಡ್ಡವಳಾಗಿ ಓಲ್ಡ್ ಟೌನಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ರುದ್ರೇಶನನ್ನು ರಿಜಿಸ್ಟರ್ ಮದುವೆಯಾದಳು. ಅವರದು ಮಲವಗೊಪ್ಪದ ಲಿಂಗಾಯತರ ಮನೆ. ಅಲ್ಲಿ ಅವಳ ಅತ್ತೆ ಮೊದಲ ದಿನ ಬಾಯಿಗೆ ಬಂದ ಹಾಗೆ ಬೈದು, ಮರುದಿನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದಳಂತೆ. ನಮ್ಮಲ್ಲಿ ಯಾರೂ ಬೈಯಲಿಲ್ಲ. ಅವಳನ್ನು ಸಭೆಯ ಶಿಸ್ತಿಗೆ ಒಳಪಡಿಸಿದ್ದೇವೆ, ಸಣ್ಣ ಲೋಟಗಳಿರುವ ಭೋಜನದ ತಟ್ಟೆ ಅವಳಿಗೆ ಕೊಡಬಾರದು ಎಂದು ಮೆಲ್ಲಗೆ, ಪ್ರಾರ್ಥನೆ ಮಾಡಿ, ತೀರ್ಮಾನಿಸಿದರು ಅಷ್ಟೇ. ಆ ಮೆತ್ತನೆಯ ದನಿಗಳು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಮನೆಯಲ್ಲಿ ಅಪ್ಪ ಅವಳ ಹೆಸರು ಹೇಳುವುದನ್ನು ಬಿಟ್ಟ. ಅಮ್ಮ ದ್ರಾಕ್ಷಿ ಕಿವುಚುತ್ತಾ ಅಳುತ್ತಿದ್ದಳು, ಆಮೇಲೆ ಕಾಯಿಲೆ ಬಿದ್ದಳು, ಸತ್ತಳು.

ಅಮ್ಮನ ಮಣ್ಣಿಗೆ ಬಂದ ಅಕ್ಕ, ಮುಂದಿನ ಭಾನುವಾರದ ಆರಾಧನೆಗೂ ಬರುತ್ತೇನೆಂದು ಹೇಳಿ ಕಳಿಸಿದಳು. ಅದು ಭೋಜನದ ಭಾನುವಾರ. ಅಪ್ಪನ ಮಂಡಿ ಆಗಲೇ ಹೋಗಿತ್ತು, ತಟ್ಟೆ ಹಿಡಿಯುವ ಕೆಲಸ ನನಗೆ ಬಂದಿತ್ತು. ಇಷ್ಟು ದಿನ ನಾನು ಎಲ್ಲರಿಗೂ ಹೇಳಿದ ಕತೆ ಇದು: ಅಕ್ಕ ಕೊನೆಯ ಬೆಂಚಿನಲ್ಲಿ ಕೂತಿದ್ದಳು, ತಟ್ಟೆ ಬಂದಾಗ ಕೈ ಚಾಚಿದಳು, ಅಪ್ಪನ ಮಾತು ಮೀರಲಾಗದೆ ನಾನು ತಟ್ಟೆಯನ್ನು ಅವಳ ಮುಂದಿನಿಂದ ದಾಟಿಸಿದೆ. ಈ ಕತೆ ಕೇಳಿದವರೆಲ್ಲ ಅಪ್ಪನನ್ನು ಬೈದರು. ಎಂಥ ಕಲ್ಲು ಮನುಷ್ಯ ಎಂದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ.

ಅದು ಸುಳ್ಳು. ಅವತ್ತು ಬೆಳಿಗ್ಗೆ ಅಪ್ಪ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ, "ಶಾಂತಾ ಬರ್ತಾಳಂತೆ. ಅಯ್ಯನವರ ಹತ್ರ ಮಾತಾಡಿದೀನಿ. ಅವಳಿಗೂ ಕೊಡು" ಎಂದಿದ್ದ. ವರ್ಷಗಳಾದ ಮೇಲೆ ಅವಳ ಹೆಸರು ಅವನ ಬಾಯಿಂದ ಬಂದಿತ್ತು. ಆ ತಗಡು ಬರೆದ ಕೈಗೆ ಗುಂಡಿಯ ತೂತು ಸಿಗುತ್ತಿರಲಿಲ್ಲ. ಕೊಡು ಎಂದರೆ ಕೊಟ್ಟುಬಿಡಬೇಕೇ? ಅಷ್ಟು ಸುಲಭವೇ? ಎಲ್ಲ ಆಜ್ಞೆ ಪಾಲಿಸಿ, ಬೇಕಾದ್ದನ್ನೆಲ್ಲ ಬಿಟ್ಟು, ಅಮ್ಮನ ಮಲಮೂತ್ರ ಬಳಿದ ನನಗೂ ಅದೇ ಲೋಟ, ಹೋದವಳಿಗೂ ಅದೇ ಲೋಟವೇ? ಹೀಗೆ ಅಂದುಕೊಳ್ಳುತ್ತಲೇ ತಟ್ಟೆ ಹಿಡಿದು ಕೊನೆಯ ಬೆಂಚಿನ ಹತ್ತಿರ ಬಂದೆ. ಅಕ್ಕ ಕೈ ಚಾಚಿದಳು. ಬಳೆಗಳಿದ್ದ, ಸ್ವಲ್ಪ ಒರಟಾದ ಕೈ. ನಾನು ತಟ್ಟೆಯನ್ನು ಎತ್ತಿ ಪಕ್ಕದವರಿಗೆ ಹಿಡಿದೆ. ಅವಳ ಕೈ ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಆ ಕೈಯಿಂದಲೇ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು, ಅದಕ್ಕೇ ಎತ್ತಿದ್ದವಳ ಹಾಗೆ. ಮುಂದಿನ ಬೆಂಚಿನಲ್ಲಿದ್ದ ಅಪ್ಪ ಹಿಂದೆ ತಿರುಗಲಿಲ್ಲ. ತಿರುಗುವುದು ಅವನ ನಿಯಮದಲ್ಲಿ ಇರಲಿಲ್ಲ.

ಗೇಟಿನ ಹತ್ತಿರ ಅಕ್ಕ, "ಅಪ್ಪ ಬೇಡ ಅಂದ್ರಾ?" ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳು ಬಸ್ ಹತ್ತಿದಳು. ಒಳಗೆ ಕಾಯುತ್ತಿದ್ದ ಅಪ್ಪನಿಗೆ, "ಅವಳೇ ಬೇಡ ಅಂದ್ಲು" ಎಂದೆ. ಅವನು ಎದ್ದು ಮನೆಯ ಕಡೆ ನಡೆದ. ಅವತ್ತು ಅಯ್ಯನವರ ಜೊತೆ ವಾದ ಮಾಡಲಿಲ್ಲ, ಮುಂದೆ ಯಾವತ್ತೂ ಮಾಡಲಿಲ್ಲ. ಅಪ್ಪ ತೀರಿಕೊಂಡಾಗ ಅಕ್ಕ ಗೇಟಿನ ಹೊರಗೇ ನಿಂತು ಮಣ್ಣು ನೋಡಿ ಹೋದಳು. ನಾನು ಒಳಗೆ ಬಾ ಎಂದು ಕರೆಯಲಿಲ್ಲ.

ಹೋದ ವರ್ಷ ಅಕ್ಕನಿಗೆ ಕ್ಯಾನ್ಸರ್ ಎಂದರು, ಇನ್ನು ಆಸ್ಪತ್ರೆ ಬೇಡ ಎಂದೂ ಹೇಳಿದರು. ನಾನು ಮಲವಗೊಪ್ಪಕ್ಕೆ ಹೋಗಿ ಅವಳ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಹೋಗಲಿ ಬಿಡೋ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಅನ್ನಲಿಲ್ಲ. ಒಣಗಿದ ಮುಖ ಕೆಂಪಾಯಿತು. "ಅಪ್ಪ ಕೊಡು ಅಂದಿದ್ರಾ?" ಎಂದು ಎದ್ದು ಕೂರಲು ಹೋದಳು, ಆಗಲಿಲ್ಲ. "ನನ್ನ ಹೆಸರು ಹೇಳಿದ್ರಾ? ಶಾಂತಾ ಅಂತ?"

"ಹೂಂ ಅಕ್ಕ."

"ಪಾಪಿ ನೀನು! ಲೋಟ ಹಾಳಾಗ್ಲಿ. ಅದನ್ನೊಂದು ನನಗೆ ಹೇಳ್ಬಾರ್ದಿತ್ತೇನೋ? ಆ ಮುದುಕನ್ನ ಎಷ್ಟು ಬೈಕೊಂಡೆ ನಾನು, ಎಷ್ಟು ಶಾಪ ಹಾಕ್ದೆ! ಏಳು, ಹೋಗಾಚೆ!"

ನಾನು ಎದ್ದೆ. ನನಗೆ ಬೇಕಾಗಿದ್ದ ಶಿಕ್ಷೆ ಅದೇ ಆಗಿತ್ತು. ಕೊಟ್ಟವಳ ಕಾಲಿಗೆ ಬೀಳಬೇಕು ಅನ್ನಿಸಿತು. ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ದನಿ ಬಂತು: "ಶನಿವಾರ ಬಾ. ಬರೋವಾಗ ಒಣದ್ರಾಕ್ಷಿ ತಗೊಂಡ್ಬಾ. ಕಪ್ಪುದು."

ಶನಿವಾರ ಅವಳ ಅಡುಗೆಮನೆಯಲ್ಲಿ, ಗೂಡಿನಲ್ಲಿದ್ದ ಅವರ ದೇವರ ಎದುರಿಗೇ, ನಾನು ದ್ರಾಕ್ಷಿ ಕುದಿಸಿ ಅಮ್ಮ ಮಾಡುತ್ತಿದ್ದ ಹಾಗೆಯೇ ಸೋಸಿದೆ. ಹಣ್ಣುಹಣ್ಣು ಮುದುಕಿಯಾಗಿದ್ದ ಅವಳ ಅತ್ತೆ ಗೋಡೆಗೆ ಒರಗಿ ಕೂತು, "ಇನ್ನೊಂಚೂರು ಗಟ್ಟಿ ಕಿವುಚೋ ತಮ್ಮಾ" ಎನ್ನುತ್ತಿದ್ದಳು. ಲೋಟ ಹಿಡಿದು ಅಕ್ಕನ ಹತ್ತಿರ ಹೋದೆ. ಅವಳು ಕೈ ಚಾಚಿದಳು. ಬಳೆ ಮೊಣಕೈವರೆಗೆ ಜಾರಿತು. ಈ ಸಲ ಲೋಟವನ್ನು ಆ ಕೈಯಲ್ಲಿ ಇಟ್ಟು, ಬೀಳದಂತೆ ಕೆಳಗೆ ನನ್ನ ಕೈ ಕೊಟ್ಟೆ. ಒಂದು ಗುಟುಕು ಕುಡಿದು ನನ್ನನ್ನೇ ನೋಡಿದಳು.

"ನೀರು ಬೆರೆಸಿಲ್ಲ ತಾನೇ?"

"ಇಲ್ಲ ಅಕ್ಕ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಲೋಟವನ್ನು ಖಾಲಿ ಮಾಡಿದಳು, ನಿಧಾನವಾಗಿ, ನಡುವೆ ಉಸಿರು ತೆಗೆದುಕೊಳ್ಳುತ್ತಾ. ಮಳೆ ಶುರುವಾಗುವ ಮೊದಲೇ ತೀರಿಕೊಂಡಳು. ನಮ್ಮ ಸಭೆಯ ಸಮಾಧಿ ಸ್ಥಳದಲ್ಲಿ ಅವಳಿಗೆ ಜಾಗ ಕೊಡುವ ವಿಚಾರವಾಗಿ ಹೊಸ ಹಿರಿಯರು ಇನ್ನೂ ಕೂತು ಮಾತಾಡುತ್ತಿರುವಾಗಲೇ, ಅವಳ ಅತ್ತೆ ತಮ್ಮ ಹೊಲದಲ್ಲಿ, ತನಗೆಂದು ಇಟ್ಟುಕೊಂಡಿದ್ದ ಜಾಗವನ್ನೇ ತೋರಿಸಿ ಅಗೆಯಲು ಹೇಳಿದಳು. ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಈಗ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಯ ಛಾವಣಿ ಬಿದ್ದಿದೆ, ಒಳಗೆ ಲಂಟಾನ ಬೆಳೆದಿದೆ. ತಗಡನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಚರ್ಚಿನಲ್ಲಿ ನಾನು ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ತಟ್ಟೆ ಬಂದಾಗ ಕೈ ಚಾಚುತ್ತೇನೆ. ತರುವವರು ನನ್ನ ಮುಖವನ್ನೂ ನೋಡದೆ ಕೊಟ್ಟುಬಿಡುತ್ತಾರೆ.