ಪರದೆಯಕ್ಕ ದೀಪಸ್ತಂಭಕ್ಕೆ ಹೋಗಿಬಂದದ್ದು

ಸೈಕಲ್ ಸಂಘದಲ್ಲಿ ಅವಳನ್ನು ಎಲ್ಲರೂ ಪರದೆಯಕ್ಕ ಅಂತಲೇ ಕರೆಯುತ್ತಿದ್ದರು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಮಹಡಿಯಲ್ಲಿ ಕೂತು ಕಿಟಕಿ ಪರದೆ ಹೊಲಿಯುವುದು ಅವಳ ಕೆಲಸ. ಊರಿನವರ ಕಿಟಕಿಗಳನ್ನೆಲ್ಲ ಮುಚ್ಚೋದೇ ನನ್ನ ಹೊಟ್ಟೆಪಾಡು ಅಂತ ತನ್ನನ್ನು ತಾನೇ ತಮಾಷೆ ಮಾಡಿಕೊಳ್ಳುತ್ತಿದ್ದಳು. ಮದುವೆ ಅಂತ ಒಂದು ಆಗಿತ್ತು. ಆ ಸಹವಾಸ ಸಾಕಪ್ಪ ಸಾಕು ಅನ್ನಿಸಿ ತಾಯಿಯ ಮನೆಗೆ ವಾಪಸು ಬಂದವಳು ಮತ್ತೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಅಣ್ಣ ಬೇರೆ ಊರಿನಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದ. ಈ ಮನೆಯಲ್ಲಿ ತಾಯಿ, ಮಗಳು ಇಬ್ಬರೇ.

ಸಂಘ ಅಂದರೆ ದೊಡ್ಡದೇನಲ್ಲ. ರಿಟೈರಾದ ಲೆಕ್ಕದ ಮೇಷ್ಟ್ರೊಬ್ಬರು ಕಟ್ಟಿದ್ದು. ಬೇಕರಿಯವನು, ಬ್ಯಾಂಕಿನ ಗುಮಾಸ್ತ, ದನದ ಡಾಕ್ಟರು, ಹೀಗೆ ವಾರವಿಡೀ ಯಾರದ್ದೋ ಕೆಲಸ ಮಾಡಿ ಭಾನುವಾರ ಮಾತ್ರ ತಮಗಾಗಿ ಇಟ್ಟುಕೊಂಡ ಜನ. ಮೇಷ್ಟ್ರು ತಮ್ಮ ಮನೆಗೆ ಪರದೆ ಹೊಲಿಸಲು ಬಂದಾಗ ಅಂಗಡಿಯ ಹಿಂದೆ ನಿಂತಿದ್ದ ಅವಳ ಸೈಕಲ್ ನೋಡಿ, "ಇದು ಯಾರದ್ದಮ್ಮ? ಇಷ್ಟು ಚೆನ್ನಾಗಿ ಎಣ್ಣೆ ಹಾಕಿ ಇಟ್ಕೊಂಡೋರು ಮನೆ-ಅಂಗಡಿ ಮಧ್ಯೆನೇ ಸುತ್ತಬಾರದು" ಅಂದರು. ಅಷ್ಟೇ. ಮುಂದಿನ ಭಾನುವಾರ ಅವಳು ಬೆಳಕು ಹರಿಯುವ ಮುಂಚೆ ಸಂಘದವರು ಸೇರುವ ಗಡಿಯಾರ ಗೋಪುರದ ಕೆಳಗೆ ನಿಂತಿದ್ದಳು.

ಮೊದಲ ದಿನ ಅವಳು ಎಲ್ಲರಿಗಿಂತ ಹಿಂದೆ ಬಿದ್ದಿದ್ದಳು, ನಾಲಿಗೆ ಹೊರಗೆ ಬಂದಿತ್ತು. ಬೇಕರಿಯವನು ರಸ್ತೆ ಬದಿಯಲ್ಲಿ ಕಾದು ಕಾದು "ಅಕ್ಕಾ, ನೀವು ಬರೋಷ್ಟರಲ್ಲಿ ನಾನು ಒಂದು ಭಟ್ಟಿ ಬ್ರೆಡ್ಡು ಬೇಯಿಸಿ ಇಳಿಸಿಬಿಡ್ತಿದ್ದೆ" ಅಂದಿದ್ದ. ಆಮೇಲೆ ಕಲಿತಳು. ಮುಂದಿನವರ ಚಕ್ರಕ್ಕೆ ಒಂದು ಮೊಳ ದೂರದಲ್ಲಿ ಅಂಟಿಕೊಂಡು ಹೋಗುವುದು, ಗುಂಡಿ ಬಂದರೆ ಕೈ ತೋರಿಸಿ ಹಿಂದಿನವರಿಗೆ ಹೇಳುವುದು, ಎದುರುಗಾಳಿಗೆ ಸರದಿ ಪ್ರಕಾರ ಎದೆ ಕೊಡುವುದು. ಗುಂಪು ಒಂದೇ ಉಸಿರಿನಲ್ಲಿ ಸಾಗುತ್ತಿದ್ದಾಗ, ಮೈ ತನ್ನದೇ ಅನ್ನಿಸದಷ್ಟು ಹಗುರಾಗುತ್ತಿತ್ತು. ಸೋಮವಾರ ಮಿಷನ್ ತುಳಿಯುವಾಗಲೂ ಅವಳ ಮುಖದಲ್ಲಿ ಅದರ ಗೆಲುವು ಉಳಿದಿರುತ್ತಿತ್ತು.

ಚಳಿಗಾಲದಲ್ಲಿ ಸಂಘದ ಸವಾರಿ ಕಡಿಮೆ. ಚಳಿ ಮುಗಿದು ಹಗಲು ಉದ್ದವಾದ ಮೇಲೆ ವರ್ಷದ ದೊಡ್ಡ ಸವಾರಿ: ಗುಡ್ಡ ಹತ್ತಿಳಿದು ಸಮುದ್ರದ ದಡದ ದೀಪಸ್ತಂಭದವರೆಗೆ ಹೋಗಿ ಬರುವುದು. ಪರದೆಯಕ್ಕನಿಗೆ ಅದು ಇನ್ನೂ ಆಗಿರಲಿಲ್ಲ. ಹಿಂದಿನ ವರ್ಷ ಗುಡ್ಡದ ಅರ್ಧ ಚಡಾವಿನಲ್ಲಿ ಕಾಲು ಹಿಡಿದುಕೊಂಡು ಲಾರಿ ಹತ್ತಿ ಮನೆಗೆ ಬಂದಿದ್ದಳು. ಈ ಸಲ ಏನೇ ಆಗಲಿ ಅಂತ ಹಟ ಹಿಡಿದಿದ್ದಳು. ಅಷ್ಟರಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು.

ಅಮ್ಮ ಬಚ್ಚಲಿನಿಂದ ಬರುತ್ತಾ ಬಾಗಿಲ ಬಳಿ ಕುಸಿದಳು. ಬಲಗೈ, ಬಲಗಾಲು ಎರಡೂ ಹೋದವು. ಮಾತು ತೊದಲಿದರೂ ಉಳಿಯಿತು, ಬುದ್ಧಿ ನೆಟ್ಟಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಗಳ ದಿನ ಎರಡು ಹೋಳಾಯಿತು. ಹಗಲು ಪಕ್ಕದ ಮನೆಯಾಕೆ ಅಮ್ಮನನ್ನು ನೋಡಿಕೊಳ್ಳುತ್ತಿದ್ದಳು, ಉಳಿದ ಹೊತ್ತೆಲ್ಲ ಮಗಳು. ಮೈ ಒರೆಸಿ, ಬಟ್ಟೆ ಬದಲಿಸಿ, ಮಗ್ಗುಲು ಮಾಡಿ, ಚಮಚದಲ್ಲಿ ಗಂಜಿ ಕುಡಿಸಿ, ಚೆಲ್ಲಿದ್ದನ್ನು ಒರೆಸಿ. ಭಾನುವಾರ ಬೆಳಿಗ್ಗೆ ಕಿಟಕಿಯ ಕೆಳಗೆ ಸೈಕಲ್ಲುಗಳ ಸದ್ದು ಕೇಳಿದರೆ ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಲ್ಲುತ್ತಿದ್ದಳು.

ವಿಷಯ ತಿಳಿದ ಮೇಷ್ಟ್ರು ಒಂದು ಸಂಜೆ ಕಬ್ಬಿಣದ ಸ್ಟ್ಯಾಂಡು ಹೊತ್ತು ತಂದರು. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವಂಥದ್ದು. ಅದರ ಮೇಲೆ ಸೈಕಲ್ ನಿಲ್ಲಿಸಿದರೆ ಎಷ್ಟು ತುಳಿದರೂ ಇದ್ದಲ್ಲೇ ಇರುತ್ತದೆ.

"ಹೊರಗೆ ಬರೋಕಾಗಲ್ಲ ಅಂದ್ರೆ ಮನೇಲೇ ತುಳೀರಿ. ಕಾಲು ಮರೀಬಾರದು," ಅಂದರು.

ಮನೆಯಲ್ಲಿ ಜಾಗ ಇದ್ದದ್ದು ಅಮ್ಮನ ಕೋಣೆಯಲ್ಲಿ ಮಾತ್ರ. ಮಂಚದ ಕಾಲಬುಡದಲ್ಲಿ ಸೈಕಲ್ ನಿಂತಿತು. ಮೊದಲ ಸಂಜೆ ಅಮ್ಮ ಮುಖ ಗಂಟು ಹಾಕಿಕೊಂಡು, "ಮಲಗಿರೋ ನನ್ನ ಕಾಲ ಹತ್ರ ಹಿಟ್ಟಿನ ಗಿರಣಿ ಇಟ್ಯಲ್ಲೇ" ಅಂದಳು. ಆಮೇಲೆ ಕೇಳಿದಳು: "ಅಲ್ಲ, ಇಷ್ಟೊಂದು ಬೆವರು ಸುರಿಸ್ಕೊಂಡು ಹೊರಟಿದ್ದಾದ್ರೂ ಎಲ್ಲಿಗೆ?"

"ದೀಪಸ್ತಂಭಕ್ಕೆ," ಅಂದಳು ಮಗಳು ಸಿಡಿಮಿಡಿಯಲ್ಲೇ.

ಅಮ್ಮನ ಕಣ್ಣು ಅರಳಿತು. "ಅಯ್ಯೋ, ನನ್ನ ರೂಟು!"

ಹೌದು. ಅಮ್ಮ ಬಸ್ ಕಂಡಕ್ಟರಾಗಿದ್ದವಳು. ವಯಸ್ಸೆಲ್ಲ ಅದೇ ರಸ್ತೆಯಲ್ಲಿ, ಅದೇ ಬಸ್ಸಿನಲ್ಲಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ನಿಂತೇ ಕಳೆದಿದ್ದಳು. ಮನೆಗೆ ಬಂದ ಮೇಲೆ ಕಾಲು ಬಿಸಿನೀರಿನಲ್ಲಿ ಇಟ್ಟುಕೊಂಡು ಕೂರುತ್ತಿದ್ದಳೇ ಹೊರತು ಕೆಲಸದ ಮಾತು ಬಾಯಿ ಬಿಟ್ಟು ಆಡಿದವಳಲ್ಲ. ಈಗ ಹಾಸಿಗೆಯಲ್ಲಿ ಮಲಗಿ ಶುರು ಮಾಡಿದಳು.

"ಮೊದಲು ಕೆರೆ ಏರಿ. ಅಲ್ಲಿ ಗಾಳಿ ಜಾಸ್ತಿ, ತಲೆ ಬಗ್ಗಿಸ್ಕೋ. ಇಟ್ಟಿಗೆ ಗೂಡು, ಇಟ್ಟಿಗೆ ಗೂಡು! ಯಾರ್ರೀ ಇಳಿಯೋರು? ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗಿ, ಒಳಗೆ ಜಾಗ ಇದೆ... ಹ್ಞೂ, ರೈಟ್!"

ಮಗಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ಆ ಕೋಣೆಯಲ್ಲಿ ಇಬ್ಬರೂ ಹೊಟ್ಟೆ ತುಂಬ ನಕ್ಕರು.

ಅಂದಿನಿಂದ ದಿನಾ ಸಂಜೆ ಅದೇ. ಅಂಗಡಿಯಿಂದ ಬಂದು, ಅಮ್ಮನ ಮೈಕೈ ನೋಡಿ, ಮಗಳು ಸೈಕಲ್ ಹತ್ತುವಳು. ಅಮ್ಮ ಸ್ಟಾಪು ಕೂಗುವಳು. ಚಡಾವು ಬಂತು ಅಂದರೆ ಮಗಳು ಗೇರು ಬದಲಿಸಿ ತುಳಿತ ಭಾರ ಮಾಡಿಕೊಳ್ಳಬೇಕು. "ಕಳ್ಳಾಟ ಆಡಬೇಡ, ನಿನ್ನ ಉಸಿರು ನೋಡಿದ್ರೇ ಗೊತ್ತಾಗತ್ತೆ, ಇದು ಇಳಿಜಾರಿನ ಉಸಿರು" ಅಂತ ಗದರುವಳು. ಪ್ರತಿ ಸ್ಟಾಪಿಗೂ ಒಂದು ಕಥೆ. ಗುಡ್ಡದ ಮೂರನೇ ತಿರುವಿನಲ್ಲಿ ಬಸ್ಸಿನಲ್ಲೇ ಒಬ್ಬಳಿಗೆ ಹೆರಿಗೆಯಾದದ್ದು, ಡ್ರೈವರು ನಾಚಿಕೊಂಡು ತಲೆ ಮೇಲಿನ ಕನ್ನಡಿಯನ್ನು ಆ ಕಡೆ ತಿರುಗಿಸಿದ್ದು, ಅಮ್ಮ ತನ್ನ ಖಾಕಿ ಕೋಟು ಬಿಚ್ಚಿ ಮಗುವಿಗೆ ಸುತ್ತಿದ್ದು. "ಆ ಕೋಟಿಗೆ ನನಗೆ ಮೇಲಿನೋರು ಮೆಮೋ ಕೊಟ್ರು ಕಣೇ. ಸರಕಾರಿ ಬಟ್ಟೆ ಹಾಳು ಮಾಡಿದೆ ಅಂತ." ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ತಾಯಿ ಯಾರು ಅಂತ ಈಗ ತಿಳಿಯುತ್ತಿದೆಯಲ್ಲ ಅಂತ ಮಗಳಿಗೆ ಒಳಗೊಳಗೇ ಸಂಕಟವಾಗುತ್ತಿತ್ತು.

ಒಂದು ಸಂಜೆ ಕೊನೆಯ ಸ್ಟಾಪು ಮುಟ್ಟಿದ ಮೇಲೆ ಅಮ್ಮ ಅಂದಳು: "ನಾನು ಮಾತ್ರ ಮೇಲೆ ಹತ್ತಲೇ ಇಲ್ಲ. ಬಸ್ಸು ಕೆಳಗೇ ತಿರುಗೋದು. ಒಂದು ಲೋಟ ಚಹಾ ಕುಡಿಯೋಷ್ಟರಲ್ಲಿ ಹೊರಡೋ ಹೊತ್ತು. ಅಷ್ಟು ವರ್ಷ ಹೋದೆ, ಆ ದೀಪಸ್ತಂಭದ ಮೇಲಿಂದ ಸಮುದ್ರ ಹೆಂಗೆ ಕಾಣತ್ತೆ ಅಂತ ನೋಡಲಿಲ್ಲ. ನೀನು ಹತ್ತು. ಹತ್ತಿ ನೋಡ್ಕೊಂಡು ಬಂದು ನನಗೆ ಹೇಳು."

"ಹೇಳ್ತೀನಮ್ಮ."

"ಸುಮ್ನೆ ಚೆನ್ನಾಗಿತ್ತು ಅನ್ನಬಾರದು. ಬಿಡಿಸಿ ಹೇಳಬೇಕು."

ಸವಾರಿಗೆ ಇನ್ನು ಕೆಲವೇ ವಾರ ಇದ್ದಾಗ ಎರಡನೇ ಸಲ ಲಕ್ವ ಹೊಡೆಯಿತು. ಈ ಸಲ ಅಮ್ಮ ಬೀಳಲಿಲ್ಲ, ಬೀಳಲು ಎದ್ದಿದ್ದರೆ ತಾನೆ. ಬೆಳಿಗ್ಗೆ ಮಗಳು ಮುಖ ಒರೆಸಲು ಹೋದಾಗ ಕಣ್ಣು ತೆರೆದೇ ಇತ್ತು, ಆದರೆ ಅದು ಯಾರನ್ನೂ ನೋಡುತ್ತಿರಲಿಲ್ಲ. ಡಾಕ್ಟರು ಹೊರಗೆ ಕರೆದು, ಜೀವಕ್ಕೆ ಸದ್ಯ ಅಪಾಯವಿಲ್ಲ, ಆದರೆ ಇನ್ನು ಮಾತಾಗಲಿ ಗುರುತಾಗಲಿ ಬರುವ ಆಸೆ ಇಟ್ಟುಕೊಳ್ಳಬೇಡಿ ಅಂದರು.

ಅವಳು ಆಸೆ ಇಟ್ಟುಕೊಂಡಳು. ಸಂಜೆ ಸೈಕಲ್ ಹತ್ತಿ ತಾನೇ ಕೂಗಿದಳು. "ಕೆರೆ ಏರಿ ಬಂತಮ್ಮ. ಇಟ್ಟಿಗೆ ಗೂಡು ಬಂತು. ಯಾರ್ರೀ ಇಳಿಯೋರು?" ಬೇಕಂತಲೇ ಸ್ಟಾಪು ತಪ್ಪಿಸಿ ಹೇಳಿದಳು, ಅಮ್ಮ ತಿದ್ದಬಹುದು ಅಂತ. ಅಮ್ಮ ಎಡಗೈಯಲ್ಲಿ ಹೊದಿಕೆಯ ಅಂಚನ್ನು ಜಗ್ಗುತ್ತಾ ಗೋಡೆಯ ಕಡೆ ನೋಡುತ್ತಿದ್ದಳು. ಹಾಗೆ ಎಷ್ಟೋ ಸಂಜೆ ತುಳಿದಳು. ಕೊನೆಗೊಂದು ದಿನ ಅರ್ಧದಲ್ಲೇ ಹ್ಯಾಂಡಲ್ ಮೇಲೆ ತಲೆಯಿಟ್ಟು ಕೂತುಬಿಟ್ಟಳು. ಚಕ್ರ ತಾನಾಗಿ ತಿರುಗಿ ತಿರುಗಿ ನಿಂತಿತು.

ದೊಡ್ಡ ಸವಾರಿಗೆ ಹೋಗುವುದಿಲ್ಲ ಅಂತಲೇ ಇದ್ದಳು. ಅಣ್ಣ ಫೋನಿನಲ್ಲಿ ಬೈದ. "ಒಂದು ದಿನ ನಾನು ಕೂತ್ಕೋತೀನಿ. ನೀನು ಹೋಗು. ಅಮ್ಮನಿಗೆ ನೀನಿದ್ರೂ ಒಂದೇ, ನಾನಿದ್ರೂ ಒಂದೇ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಆ ಮಾತು ಅವಳ ಎದೆಯಲ್ಲಿ ಮುರಿದ ಸೂಜಿಯ ಹಾಗೆ ಉಳಿದುಬಿಟ್ಟಿತು.

ಆ ಭಾನುವಾರ ಆಕಾಶ ತಿಳಿಯಾಗಿತ್ತು. ಗೋಪುರದ ಕೆಳಗೆ ಎಲ್ಲರೂ ಹುರುಪಿನಲ್ಲಿದ್ದರು. ಪರದೆಯಕ್ಕ ಬಂದದ್ದು ನೋಡಿ ಬೇಕರಿಯವನು ಸೀಟಿ ಹೊಡೆದ. ಗುಂಪು ಹೊರಟಿತು. ಅವಳ ಕಾಲು ಗಟ್ಟಿಯಾಗಿತ್ತು. ಚಳಿಗಾಲವಿಡೀ ಹಾಯಾಗಿ ಮಲಗಿದ್ದವರೆಲ್ಲ ಏದುಸಿರು ಬಿಡುವಾಗ ಅವಳು ಆರಾಮಾಗಿ ಮುಂದಿನ ಸಾಲಿಗೆ ಬಂದಿದ್ದಳು. ಕೆರೆ ಏರಿಯ ಮೇಲೆ ಗಾಳಿ ಬಂತು, ತಲೆ ಬಗ್ಗಿಸಿಕೊಂಡಳು. ಇಟ್ಟಿಗೆ ಗೂಡು ಇದ್ದ ಜಾಗದಲ್ಲಿ ಪೆಟ್ರೋಲ್ ಬಂಕ್ ಇತ್ತು. ಅದನ್ನು ದಾಟುವಾಗ ಅವಳಿಗೆ ಗೊತ್ತಿಲ್ಲದೆಯೇ ಬಾಯಿಂದ ಹೊರಬಿತ್ತು: "ಇಟ್ಟಿಗೆ ಗೂಡು!"

"ಎಲ್ಲಿ ಅಕ್ಕಾ ಇಟ್ಟಿಗೆ?" ಅಂತ ಬೇಕರಿಯವನು ಗಾಬರಿಯಿಂದ ಬ್ರೇಕ್ ಹಿಡಿದ. ರಸ್ತೆಯಲ್ಲಿ ಇಟ್ಟಿಗೆ ಬಿದ್ದಿದೆ ಅಂದುಕೊಂಡಿದ್ದ. ಎಲ್ಲರೂ ಗೊಳ್ಳೆಂದು ನಕ್ಕರು. ಅವಳೂ ನಗಲು ಹೋದಳು, ಆಗಲಿಲ್ಲ. ಮೆಲ್ಲಗೆ ಹಿಂದೆ ಸರಿದು ಕೊನೆಯ ಸಾಲಿಗೆ ಬಂದಳು. ಮೇಷ್ಟ್ರು ಅವಳ ಪಕ್ಕಕ್ಕೆ ಬಂದು, ಗುಡ್ಡ ಮುಗಿಯುವವರೆಗೂ ಜೊತೆಗೆ ತುಳಿದರು.

ಮಧ್ಯಾಹ್ನಕ್ಕೆ ಮುಂಚೆ ದೀಪಸ್ತಂಭ ಸಿಕ್ಕಿತು. ಉಳಿದವರು ಹುಲ್ಲಿನ ಮೇಲೆ ಕಾಲು ಚಾಚಿ ಬುತ್ತಿ ಬಿಚ್ಚಿದರು. ಅವಳು ಒಬ್ಬಳೇ ಸುರುಳಿ ಮೆಟ್ಟಿಲು ಹತ್ತಿದಳು. ಮೇಲೆ ಗಾಳಿ ಕಿವಿಗೆ ಹೊಡೆಯುತ್ತಿತ್ತು. ಸಮುದ್ರ ಕಂಡಿತು. ದಡದ ಹತ್ತಿರ ಕಲ್ಲಿನ ಬಣ್ಣ, ಆಚೆಗೆ ತವರದ ಬಣ್ಣ, ಅದರಾಚೆ ಆಕಾಶಕ್ಕೂ ನೀರಿಗೂ ನಡುವೆ ಗೆರೆಯೇ ಇರಲಿಲ್ಲ. ದೂರದಲ್ಲಿ ಒಂದು ದೋಣಿ ಹೋಗುತ್ತಿತ್ತೋ ನಿಂತಿತ್ತೋ ತಿಳಿಯುವಂತಿರಲಿಲ್ಲ. ಬಿಡಿಸಿ ಹೇಳಬೇಕು ಅಂತ ಅವಳು ಒಂದೊಂದನ್ನೂ ನೋಡಿ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಳು. ಇಟ್ಟುಕೊಳ್ಳುತ್ತಿದ್ದ ಹಾಗೆಯೇ ಜೇಬಿನಲ್ಲಿದ್ದ ಫೋನಿನ ಮೇಲೆ ಕೈ ಹೋಯಿತು. ಅದು ಬಡಿದುಕೊಳ್ಳಲಿ ಅಂತ ತಾನು ಕಾಯುತ್ತಿದ್ದೇನೆ ಅಂತ ಆಗ ಗೊತ್ತಾಯಿತು. ಅಣ್ಣ ಫೋನ್ ಮಾಡಿ, ಎಲ್ಲ ಮುಗೀತು, ಬಾ ಅನ್ನಲಿ. ಹಾಗಂದರೆ ಇನ್ನು ಅಮ್ಮನ ಆ ಕಣ್ಣನ್ನು ನೋಡಬೇಕಾಗಿಲ್ಲ.

ಫೋನಿನಿಂದ ಕೈ ಕಿತ್ತುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಕೆಳಗಿನಿಂದ ನಗು, ಕರೆಯುವ ದನಿ ಕೇಳುತ್ತಿತ್ತು. ಫೋನ್ ಬರಲಿಲ್ಲ.

ಸಂಜೆ ಮನೆಗೆ ಬಂದಾಗ ಅಣ್ಣ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಅಮ್ಮ ಹಾಗೆಯೇ ಇದ್ದಳು. ಮಗಳು ಬೆವರಿನ ಬಟ್ಟೆಯಲ್ಲೇ ಮಂಚದ ಅಂಚಿನಲ್ಲಿ ಕೂತು, "ಅಮ್ಮ, ಹತ್ತಿದೆ" ಅಂದಳು. ದಡದ ಕಲ್ಲಿನ ಬಣ್ಣದಿಂದ ಶುರು ಮಾಡಿದಳು. ದೋಣಿಯವರೆಗೂ ಬಂದಳು. ಅಷ್ಟರಲ್ಲಿ ಅಮ್ಮ ಬಾಯಿ ತೆರೆದು, ಮಗುವಿನ ಹಾಗೆ ಆಕಳಿಸಿ, ಕಣ್ಣು ಮುಚ್ಚಿದಳು. ನಿದ್ದೆ ಬಂದಿತ್ತು, ಅಷ್ಟೇ. ಮಗಳು ಅಲ್ಲಿಗೇ ನಿಲ್ಲಿಸಿದಳು. ಅಣ್ಣ ಎದ್ದು, "ಹೆಂಗಿತ್ತು?" ಅಂತ ಕೇಳಿದ.

"ಚೆನ್ನಾಗಿತ್ತು," ಅಂದಳು.

ಮಳೆಗಾಲದಲ್ಲಿ ಅಮ್ಮ ತೀರಿಕೊಂಡಳು. ಮಧ್ಯಾಹ್ನ, ಪಕ್ಕದ ಮನೆಯಾಕೆ ನೀರು ಕುಡಿಸುತ್ತಿದ್ದಾಗ. ಅಂಗಡಿಗೆ ಫೋನ್ ಬಂದಾಗ ಅವಳ ಮಿಷನ್ನಿನಲ್ಲಿ ಯಾವುದೋ ಹೊಸ ಮನೆಯ ಪರದೆ ಇತ್ತು. ಕೈಯಲ್ಲಿದ್ದ ಹೊಲಿಗೆ ತುದಿ ಮುಟ್ಟಿಸಿಯೇ ಎದ್ದಳು.

ಬಂದವರೆಲ್ಲ ಒಂದೇ ಮಾತು ಹೇಳಿದರು. "ಪಾಪ, ಅವರಿಗೂ ಬಿಡುಗಡೆಯಾಯ್ತು, ನಿಮಗೂ." ಅವಳು ತಲೆ ಆಡಿಸಿದಳು. ದೀಪಸ್ತಂಭದ ಮೇಲೆ ತನಗೆ ಬಂದ ಯೋಚನೆಯನ್ನು ಯಾರಿಗೂ ಹೇಳಲಿಲ್ಲ. ಒಂದು ದಿನ ಮೇಷ್ಟ್ರಿಗೆ ಹೇಳಬೇಕು ಅಂತ ಅವರ ಮನೆವರೆಗೂ ಹೋದಳು. ಅವರು ಮೊಮ್ಮಗಳ ಜೊತೆ ಪದಬಂಧ ಬಿಡಿಸುತ್ತಾ ಕೂತಿದ್ದರು. ಸ್ಟ್ಯಾಂಡು ವಾಪಸು ಕೊಟ್ಟು, ಚಹಾ ಕುಡಿದು ಬಂದಳು.

ಈಗ ಭಾನುವಾರ ಅವಳದ್ದೇ. ತಡೆಯುವವರಿಲ್ಲ, ಕಾಯುವವರೂ ಇಲ್ಲ. ಗುಡ್ಡದ ರಸ್ತೆಗೆ ಸಂಘ ಹೊರಟ ದಿನ ಏನಾದರೂ ನೆಪ ಹೇಳಿ ಉಳಿಯುತ್ತಾಳೆ. ಉಳಿದ ದಿನ ಹೋಗುತ್ತಾಳೆ, ಕೊನೆಯ ಸಾಲಿನಲ್ಲಿ ತುಳಿಯುತ್ತಾಳೆ. ಸೋಮವಾರ ಮಿಷನ್ನಿನ ಮುಂದೆ ಕೂತಾಗ ಕಾಲು ನೋಯುತ್ತದೆ. ಹಿಂದಿನ ದಿನ ಎಲ್ಲಿಗೆ ಹೋಗಿದ್ದೆ ಅಂತ ನೆನಪು ಮಾಡಿಕೊಳ್ಳಬೇಕಾಗುತ್ತದೆ.

ಈಚೆಗೆ ಒಂದು ಭಾನುವಾರ ನದಿ ದಂಡೆಯ ಸಮತಟ್ಟು ರಸ್ತೆಯಲ್ಲಿ ಹಿಂದಿನಿಂದ ಗಾಳಿ ಬೀಸುತ್ತಿತ್ತು, ಸೈಕಲ್ ತಾನಾಗಿ ಓಡುತ್ತಿತ್ತು. ಬೇಕರಿಯವನು ತನ್ನ ಹೊಟ್ಟೆಯ ಮೇಲೆ ತಾನೇ ಏನೋ ಜೋಕು ಹೊಡೆದ. ಅವಳಿಗೆ ನಗು ಬಂದುಬಿಟ್ಟಿತು, ಜೋರಾಗಿ, ತಡೆಯಲಾಗದಂತೆ. ಮುಂದಿದ್ದವರು ಖುಷಿಯಿಂದ ತಿರುಗಿ ನೋಡಿದರು. ಮನೆಗೆ ಬಂದು ಖಾಲಿ ಕೋಣೆಯ ಬಾಗಿಲಲ್ಲಿ ನಿಂತಾಗ ಆ ನಗು ನೆನಪಾಗಿ, ಯಾರ ಮನೆಯಲ್ಲೋ ಕದ್ದು ತಿಂದು ಸಿಕ್ಕಿಬಿದ್ದವಳ ಹಾಗೆ ಮುಖ ಬಿಸಿಯಾಯಿತು.

ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಅದರ ಮುಂದಿನ ಭಾನುವಾರ ಹೋದಳು.