ಕನ್ನಡದಲ್ಲಿ ಹಾಕಿದ ಸಹಿ

ಕಳೆದ ತಿಂಗಳು ಮೊಣಕಾಲಿನ ಎಕ್ಸ್‌ರೇಗೆಂದು ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಲಿಫ್ಟಿನ ಎದುರು ಜನ ತುಂಬಿದ್ದರು. ಆಯಾ ಒಬ್ಬಳು "ಬನ್ನಿ ಅಕ್ಕ" ಎಂದು ನನ್ನನ್ನು ಹಿಂಬದಿಯ ಲಿಫ್ಟಿಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು. ಫಿನಾಯಿಲು, ಒದ್ದೆ ಮಾಪು, ಕಸದ ಚೀಲ, ಯಾರದೋ ಬೆವರು... ಎಲ್ಲ ಸೇರಿದ ವಾಸನೆ. ನನಗೆ ಟೀಚರ್ ನೆನಪಾದರು.

ದುಬೈಯ ಅಲ್ ನಹ್ದಾದಲ್ಲಿ ನಾವಿದ್ದ ಕಟ್ಟಡಕ್ಕೆ ಹನ್ನೊಂದು ಮಹಡಿ. ಒಂಬತ್ತನೆಯದರಲ್ಲಿ ನಾವು. ಎದುರು ಬಾಗಿಲು ಟೀಚರದ್ದು. ಎರಡು ಸಾವಿರದ ಹದಿಮೂರು, ಹದಿನಾಲ್ಕನೇ ಇಸವಿಯ ಮಾತು. ಅವರು ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಐವತ್ತರ ಹತ್ತಿರದ ವಯಸ್ಸು, ಮದುವೆಯಾಗಿರಲಿಲ್ಲ. ನನ್ನ ಮಗಳ ಶಾಲೆಯಲ್ಲೇ ಸಮಾಜ ವಿಜ್ಞಾನ ಕಲಿಸುತ್ತಿದ್ದರು. ನನ್ನೊಡನೆ ತುಳುವಿನಲ್ಲಿ ಶುರು ಮಾಡಿದ ಮಾತು ಹೇಗೋ ಕನ್ನಡಕ್ಕೆ ಬಂದು ನಿಲ್ಲುತ್ತಿತ್ತು. ಅಲ್ಲಿ ರಜೆಯ ದಿನವಾದ ಶುಕ್ರವಾರ ಇಗರ್ಜಿಯಿಂದ ಬಂದ ಮೇಲೆ ಸಣ್ಣ ಡಬ್ಬಿಯಲ್ಲಿ ಇಡ್ಲಿಯಂಥ ಸನ್ನ ತಂದುಕೊಡುತ್ತಿದ್ದರು.

ಕಟ್ಟಡ ಗುಡಿಸುವವನು ಯಾದಗಿರಿ ಕಡೆಯವನೆಂದು ಕಂಡುಹಿಡಿದದ್ದೂ ಅವರೇ. ನಾನು ಎರಡು ವರ್ಷ ಅವನೊಡನೆ ಮುರುಕು ಹಿಂದಿಯಲ್ಲಿ ಮಾತಾಡಿದ್ದೆ. ನಲವತ್ತು ದಾಟಿದ ಮನುಷ್ಯ. ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಿಂದ ಬೆಳಗಾಗುವ ಮೊದಲೇ ಬಸ್ಸಿನಲ್ಲಿ ಬರುತ್ತಿದ್ದ.

ಹದಿಮೂರರ ಸೆಪ್ಟೆಂಬರಿನಲ್ಲಿ, ಕಸ ಮತ್ತು ಸಾಮಾನು ಸಾಗಿಸುವ ಸರ್ವಿಸ್ ಲಿಫ್ಟು ಕೆಟ್ಟಿತು. ಹತ್ತು ದಿನ ಅವನು ಹನ್ನೊಂದು ಮಹಡಿಯ ಕಸವನ್ನು ಮೆಟ್ಟಿಲಲ್ಲೇ ಇಳಿಸಿದ. ಒಂದು ಮಧ್ಯಾಹ್ನ ಹೊರಗೆ ಏನೋ ಬಿದ್ದ ಸದ್ದಾಯಿತು. ಬಾಗಿಲು ತೆಗೆದರೆ ಅವನು ಗೋಡೆಗೊರಗಿ ಕುಸಿದಿದ್ದ. ಚೀಲ ಒಡೆದು ಕಸವೆಲ್ಲ ಚೆಲ್ಲಿತ್ತು. ಟೀಚರ್ ಆಗಲೇ ಅವನ ಪಕ್ಕ ಕೂತು ಉಪ್ಪು ಹಾಕಿದ ನಿಂಬೆ ನೀರು ಕುಡಿಸುತ್ತಿದ್ದರು.

"ಏನಾಗಿಲ್ರೀ ಅವ್ವಾ, ಸ್ವಲ್ಪ ಕಣ್ಣಿಗೆ ಕತ್ತಲಿ ಬಂತು. ಮೊದಲು ಕಸ ಎತ್ತತೀನ್ರಿ" ಅಂತಿದ್ದ.

"ಕಸ ಅಲ್ಲೇ ಇರಲಿ ಮಾರಾಯ. ನಡಿ, ಕ್ಲಿನಿಕ್ಕಿಗೆ."

ಟೀಚರ್ ನಮ್ಮ ಲಿಫ್ಟಿನ ಗುಂಡಿ ಒತ್ತಿದರು. ಬಾಗಿಲು ತೆರೆದಾಗ ಒಳಗೆ ಹತ್ತನೆಯ ಮಹಡಿಯ ಯಜಮಾನರು, ಹೆಂಡತಿ, ಇಬ್ಬರು ಮಕ್ಕಳು. ಅವರೂ ನಮ್ಮ ದೇಶದವರೇ, ಶಾಲೆಯ ಪೋಷಕರ ಸಮಿತಿಯಲ್ಲಿದ್ದವರು. ಅವನ ಬಟ್ಟೆ ನೋಡಿ ಅವರ ಹೆಂಡತಿ ಮೂಗು ಮುಚ್ಚಿಕೊಂಡಳು. ಇವನಿಗೆ ಬೇರೆ ಲಿಫ್ಟು ಇದೆಯಲ್ಲ ಎಂದರು ಯಜಮಾನರು. ಅದು ಕೆಟ್ಟಿದೆ, ಸ್ವಲ್ಪ ಜರುಗಿ ಎಂದು ಟೀಚರ್ ಅವನನ್ನು ಹಿಡಿದುಕೊಂಡೇ ಒಳಗೆ ಹೋದರು. ನಾನು ಹೋಗಲಿಲ್ಲ. ಬಾಗಿಲಲ್ಲೇ ನಿಂತಿದ್ದೆ.

ವಾರದೊಳಗೆ ಲಿಫ್ಟಿನಲ್ಲಿ ಒಂದು ನೋಟಿಸು ಬಂತು. ಕೆಲಸದವರು, ಮನೆಗೆಲಸದ ಹೆಂಗಸರು ಸರ್ವಿಸ್ ಲಿಫ್ಟನ್ನೇ ಬಳಸಬೇಕು. ಟೀಚರ್ ಅದನ್ನು ಕಿತ್ತರು. ಆಫೀಸಿನವರು ಮತ್ತೆ ಅಂಟಿಸಿದರು, ಇವರು ಮತ್ತೆ ಕಿತ್ತರು. ಕದ್ದುಮುಚ್ಚಿ ಅಲ್ಲ, ಎಲ್ಲರೂ ನೋಡುತ್ತಿರುವಾಗಲೇ.

"ನಿಮಗೆ ಎಂತಕ್ಕೆ ಬೇಕು ಟೀಚರ್ ಈ ಉಸಾಬರಿ? ಇದು ನಮ್ಮ ಊರಲ್ಲ" ಎಂದೆ ಒಂದು ಸಂಜೆ.

"ಊರವರು ಬರೆಸಿದ ನೋಟಿಸಲ್ವ ಇದು? ಅರಬಿಗಳು ಬರೆದದ್ದಲ್ಲ. ಅವನ ಪಾಸ್‌ಪೋರ್ಟೂ ನನ್ನದೂ ಒಂದೇ ಬಣ್ಣ. ಮತ್ತೆ ಲಿಫ್ಟು ಎಂತಕ್ಕೆ ಬೇರೆ?"

ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತಿ ಕೇಳಿದಳು: "ಬಟ್ ಟೀಚರ್, ಮನೆಕೆಲಸಕ್ಕೆ ಬರೋ ಶ್ರೀಲಂಕಾ ಆಂಟಿದು ಡಿಫರೆಂಟ್ ಕಲರ್ ಅಲ್ವಾ? ದೆನ್?"

ಟೀಚರ್ ಅವಳ ಕಡೆ ತಿರುಗಿದರು. "ಸರಿಯಾಗಿ ಕೇಳಿದೆ. ನಾನು ಹೇಳಿದ್ದೇ ತಪ್ಪು. ಪಾಸ್‌ಪೋರ್ಟಿನ ಮಾತೇ ಬೇಡ. ಮನುಷ್ಯರು, ಅಷ್ಟೇ."

ಮಕ್ಕಳೆದುರು ತಮ್ಮದು ತಪ್ಪೆಂದು ಒಪ್ಪಿಕೊಂಡ ಟೀಚರನ್ನು ನಾನು ಬೇರೆ ನೋಡಿಲ್ಲ.

ಜನವರಿಯಲ್ಲಿ ಹತ್ತನೆಯ ಮಹಡಿಯ ಯಜಮಾನರು ಒಂದು ಹಾಳೆ ಹಿಡಿದು ಮನೆಮನೆಗೆ ಬಂದರು. ಟೀಚರ ಮೇಲೆ ಕಟ್ಟಡದ ಆಫೀಸಿಗೆ ದೂರು. ನಿಯಮ ಮುರಿಯುತ್ತಾರೆ, ಮಕ್ಕಳಿಗೆ ಕೆಟ್ಟ ಪಾಠ ಹೇಳಿಕೊಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಎಲ್ಲರೂ ಸಹಿ ಹಾಕಿದ್ದಾರೆ, ನಿಮ್ಮದೊಂದೇ ಬಾಕಿ ಎಂದರು. ಗಂಡ ಆಫೀಸಿನಲ್ಲಿದ್ದರು. ಫೋನು ಮಾಡಿ ಕೇಳಬಹುದಿತ್ತು... ಆಮೇಲೆ ಹಾಕುತ್ತೇನೆ ಎನ್ನಬಹುದಿತ್ತು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ಪೆನ್ನು ತೆಗೆದುಕೊಂಡೆ.

ಆ ವಾರವೇ ಶಾಲೆಯಲ್ಲಿ ಗಣರಾಜ್ಯೋತ್ಸವ. ಟೀಚರ್ ಕಲಿಸಿದ ಹಾಗೆ ಸಂವಿಧಾನದ ಪೀಠಿಕೆಯನ್ನು ಮಗಳು ಒಂದು ಅಕ್ಷರ ತಪ್ಪದೆ ಹೇಳಿದಳು. ಸಮಾನತೆ ಎಂಬಲ್ಲಿ ಸ್ವಲ್ಪ ನಿಲ್ಲಬೇಕೆಂದು ಟೀಚರ್ ಹೇಳಿಕೊಟ್ಟಿದ್ದರಂತೆ, ನಿಂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹತ್ತನೆಯ ಮಹಡಿಯವರೂ ತಟ್ಟಿದರು.

ಸಂಜೆ ಟೀಚರ್ ಬಾಗಿಲು ತಟ್ಟಿದರು. ಒಳಗೆ ಬರಲಿಲ್ಲ.

"ಆಫೀಸಿನಲ್ಲಿ ನನಗೆ ಆ ಹಾಳೆ ತೋರಿಸಿದರು. ನಿಮ್ಮ ಸಹಿ ನೋಡಿದೆ. ನೀವು ಕನ್ನಡದಲ್ಲಿ ಹಾಕುತ್ತೀರಿ ಅಂತ ಗೊತ್ತಿರಲಿಲ್ಲ. ಇಡೀ ಹಾಳೆಯಲ್ಲಿ ಕನ್ನಡದ್ದು ಅದೊಂದೇ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೂ ಹೇಳಲು ಏನಾದರೂ ಸಿಗುತ್ತಿತ್ತು. ಟೀಚರ್, ನಾನು... ಎಂದೆ. ಅಷ್ಟರಲ್ಲಿ ಅವರು ತಮ್ಮ ಬಾಗಿಲು ತೆಗೆದು ಒಳಗೆ ಹೋಗಿದ್ದರು.

ಹಾಳೆ ಶಾಲೆಯವರೆಗೂ ಹೋಯಿತು. ಯಾರೂ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಮಾರ್ಚಿನಲ್ಲಿ ಒಪ್ಪಂದ ಮುಂದುವರಿಸಲಿಲ್ಲ, ಅಷ್ಟೇ. ಕೆಲಸವಿಲ್ಲದಿದ್ದರೆ ವೀಸಾವೂ ಇಲ್ಲ. ಹತ್ತೊಂಬತ್ತು ವರ್ಷ ಆ ದೇಶದಲ್ಲಿದ್ದವರು ಒಂದು ತಿಂಗಳೊಳಗೆ ಸಾಮಾನು ಕಟ್ಟಿದರು. ಅಷ್ಟರಲ್ಲಿ ಯಾದಗಿರಿಯವನನ್ನೂ ಅವನ ಕಂಪನಿಯವರು ರಾಸ್ ಅಲ್ ಖೋರ್ ಕಡೆಯ ಯಾವುದೋ ಗೋದಾಮಿಗೆ ಹಾಕಿದ್ದರು. ಅವನ ಜಾಗಕ್ಕೆ ಬಂದವನು ಯಾವ ಊರಿನವನೆಂದು ನಾನು ಕೇಳಲಿಲ್ಲ.

ಟೀಚರ್ ಹೊರಟ ದಿನ ಟ್ಯಾಕ್ಸಿಯವರೆಗೂ ಒಂದು ಸೂಟ್‌ಕೇಸು ಎಳೆದುಕೊಂಡು ಹೋದೆ. ಅವರು ಬೇಡ ಎನ್ನಲಿಲ್ಲ. "ಮಗಳು ಚೆನ್ನಾಗಿ ಓದಲಿ" ಎಂದರು. ಕಾರು ತಿರುವಿನಲ್ಲಿ ಮರೆಯಾಯಿತು. ಮೇಲೆ ಬಂದು ಅನ್ನಕ್ಕೆ ಇಟ್ಟೆ. ಅಳು ಬರಲಿಲ್ಲ. ಬರಬೇಕಿತ್ತೇನೋ ಎಂದು ಕಾದೆ, ಬರಲಿಲ್ಲ.

ಆಸ್ಪತ್ರೆಯಿಂದ ಬಂದ ಮರುದಿನ ಬಸ್ಸು ಹತ್ತಿ ಕಿನ್ನಿಗೋಳಿಗೆ ಹೋದೆ. ವಿಚಾರಿಸುತ್ತ ಹೋದವಳಿಗೆ ಮನೆ ಸಿಕ್ಕಿತು. ಬಾಗಿಲು ತೆಗೆದದ್ದು ಅವರ ತಂಗಿ. ಅಕ್ಕ ತೀರಿಕೊಂಡು ಎರಡು ವರ್ಷವಾಯಿತು ಎಂದರು. ಕೂರಿಸಿ ಚಾ ಕೊಟ್ಟರು. ಯಾರೆಂದು ಕೇಳಿದಾಗ ದುಬೈಯಲ್ಲಿ ನೆರೆಮನೆಯವಳು ಎಂದೆ.

"ಹೌದಾ! ಅಲ್ಲಿಯ ವಿಷಯ ಅವಳು ಎಂತ ಕೇಳಿದ್ರೂ ಹೇಳ್ತಿರಲಿಲ್ಲ ಮಾರಾಯ್ರೆ" ಎಂದರು ತಂಗಿ. ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ನೀವಾದ್ರೂ ಹೇಳಿ. ಅಲ್ಲಿ ಅವಳಿಗೆ ನಮ್ಮವರು ಅಂತ ಯಾರಾದ್ರೂ ಇದ್ರಾ?"

ಆಸೆಯಿಂದ ನನ್ನ ಮುಖವನ್ನೇ ನೋಡುತ್ತಿದ್ದರು.

"ಇದ್ದರು" ಎಂದೆ.