ಕೈಗುಣವಿಲ್ಲದ ಸರ್ವರ್

ಕುಂದಗೋಳದ ನಮ್ಮ ಓಣಿಯಲ್ಲಿ ಮಾವಿನ ಉಪ್ಪಿನಕಾಯಿಗೆ ಉಪ್ಪು ಹಾಕಲು ನನ್ನನ್ನೇ ಕರೆಯುತ್ತಾರೆ. ನಾನು ಹಾಕಿದ್ದು ಕೆಡುವುದಿಲ್ಲ, ನನ್ನ ಕೈಗುಣ ಹಾಗಿದೆ ಅನ್ನುತ್ತಾರೆ. ನಾನು ಕೆಲಸ ಮಾಡುವ ರೈತರ ಕಂಪನಿಯಲ್ಲೂ ಅದೇ ಮಾತಿತ್ತು. ಯಾವ ರೈತ ಎಷ್ಟು ಕಾಳು ತಂದ ಎಂದು ತೋರಿಸುವ ನಮ್ಮ ವೆಬ್‌ಸೈಟು ಕ್ಲೌಡಿನಲ್ಲಿ ಬಾಡಿಗೆಗೆ ಹಿಡಿದ ಒಂದೇ ಒಂದು ಸರ್ವರ್ ಮೇಲೆ ನಿಂತಿತ್ತು. ಅದನ್ನು ಎಬ್ಬಿಸಿದವಳು ನಾನು. ಪರದೆಯ ಮೇಲೆ ಒಂದೊಂದೇ ಗುಂಡಿ ಒತ್ತಿ, ಒಂದೊಂದೇ ಪ್ರೋಗ್ರಾಂ ಹಾಕಿ, ಬೈದು, ರಮಿಸಿ ಎಬ್ಬಿಸಿದ್ದು. ಏನೇ ಕೆಟ್ಟರೂ ಅಧ್ಯಕ್ಷರು, "ಅಕ್ಕಾರನ್ನ ಕರೀರಿ, ಅವರ ಕೈ ಹತ್ತಿದ್ರನ ಅದು ಏಳತೈತಿ" ಅನ್ನುತ್ತಿದ್ದರು.

ಈ ಬೇಸಿಗೆಯಲ್ಲಿ ಕಲಘಟಗಿ ಕಡೆಯ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದಳು. ಮುಂಗಾರಿನ ಹೆಸರುಕಾಳು ಬರುವುದರೊಳಗೆ ನಮಗೊಂದು ದೊಡ್ಡ ಸರ್ವರ್ ಬೇಕಾಗಿತ್ತು.

"ಅಕ್ಕಾರ, ಈ ಸರ್ತಿ ನಾ ಕೋಡ್ ಬರದು ಸರ್ವರ್ ಎಬ್ಬಸ್ಲೇನ್ರಿ?"

"ಎಬ್ಬಸ್ವಾ, ಯಾರ್ ಬ್ಯಾಡ ಅಂತಾರ," ಎಂದೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಇವಳೂ ಒಗೆಯಲಿ ಅಂದುಕೊಂಡೆ. ಕೆಡಲಿ ಅಂತಲೂ ಅಂದುಕೊಂಡೆ.

ಸರ್ವರ್ ಎಷ್ಟು ದೊಡ್ಡದಿರಬೇಕು, ಯಾವ ಯಾವ ಪ್ರೋಗ್ರಾಂ ಬೇಕು, ಹೊರಗಿನವರಿಗೆ ಯಾವ ಬಾಗಿಲು ತೆರೆದಿರಬೇಕು, ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದು ಒಂದು ಕಮಾಂಡ್ ಕೊಟ್ಟಳು. ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೊಸ ಸರ್ವರ್ ಎದ್ದು ಸೈಟು ತೆರೆದುಕೊಂಡಿತು. ನನ್ನ ಹೊಟ್ಟೆ ಧಗಧಗ ಉರಿಯಿತು.

"ಒಮ್ಮೆ ಯಾರಿಗಾದ್ರೂ ಬರತೈತಿ. ತಗದು ಮತ್ತೊಮ್ಮೆ ನಿಂದ್ರಸು, ನೋಡೂಣು," ಅಂದೆ.

ಅವಳಿಗೆ ಸಿಟ್ಟಾದರೂ ಬರಬೇಕೋ ಬೇಡವೋ? ಹಳೆಯ ಸರ್ವರ್ ಹೇಗೂ ನಡೆಯುತ್ತಲೇ ಇತ್ತು. ಹೊಸದನ್ನು ಪೂರ್ತಿ ಅಳಿಸಿ, ಅದೇ ಕಮಾಂಡ್ ಮತ್ತೆ ಬರೆದಿಟ್ಟು, ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

"ನೀವ ಒತ್ರಿ ಅಕ್ಕಾರ. ಯಾರು ಒತ್ತಿದ್ರೂ ಅದ ಬರತೈತ್ರಿ."

ಆ ಮಾತೇ ನನಗೆ ನಾಟಿದ್ದು. ಕೈ ಕಟ್ಟಿಕೊಂಡು ಕೂತೆ. ಆಗ ಅಧ್ಯಕ್ಷರು ಕುರ್ಚಿ ಎಳೆದುಕೊಂಡು ಬಂದರು. ಮಗನಿಗೆ ಫೋನ್ ಮಾಡಲು ಹೋಗಿ ಬೀಗರಿಗೆ ಮಾಡುವ ಮನುಷ್ಯ. ಧೋತರಕ್ಕೆ ಬೆರಳು ಒರೆಸಿ ಎಂಟರ್ ಒತ್ತಿದರು. ಅದೇ ಸರ್ವರ್, ಅದೇ ಸೈಟು, ಒಂದಿಷ್ಟೂ ಹೆಚ್ಚುಕಮ್ಮಿಯಿಲ್ಲದೆ ಎದ್ದು ಬಂತು.

"ನಂದೂ ಕೈಗುಣ ಅಗದಿ ಛಲೋ ಐತಲ್ಲ," ಎಂದು ಅವರು ತಮ್ಮ ಬೆರಳನ್ನೇ ನೋಡಿಕೊಂಡರು. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ. ಆಮೇಲೆ ಸರ್ವರ್ ವಿಷಯಕ್ಕೆ ನನ್ನನ್ನು ಯಾರೂ ಕರೆದಿಲ್ಲ.

ಮರುವಾರ ಬಾಜೂ ಮನೆಯವರು ಉಪ್ಪಿನಕಾಯಿಗೆ ಕರೆದರು. ಸದ್ಯ, ಇಲ್ಲಾದರೂ ಕರೆದರಲ್ಲ ಎಂದು ಸೆರಗು ಸಿಕ್ಕಿಸಿಕೊಂಡು ಹೋಗಿ ಕೂತೆ. ಆ ಮನೆಯ ಸೊಸೆ ಮೊಬೈಲ್ ಹಿಡಿದು ಪಕ್ಕಕ್ಕೆ ಬಂದಳು.

"ಉಪ್ಪು ಎಷ್ಟು, ಖಾರ ಎಷ್ಟು ಹೇಳಿಬಿಡ್ರಿ ಅಕ್ಕಾರ, ಬರಕೋತೀನಿ. ಮುಂದಿನ ವರ್ಷ ನಿಮಗ ತ್ರಾಸ ಬ್ಯಾಡ."

"ಅಳತಿ ಗಿಳತಿ ನಂಗೇನ್ ಗೊತ್ತಿಲ್ಲವಾ, ಕೈಯಾಗ ಬರತೈತಿ," ಎಂದೆ. ಒಂದು ಸೇರು ಮಾವಿನ ಹೋಳುಗಳಿಗೆ ಎಷ್ಟು ಮುಷ್ಟಿ ಎಂದು ಮನಸ್ಸಿನಲ್ಲೇ ಎಣಿಸುತ್ತ, ಅವಳಿಗೆ ಕಾಣದ ಹಾಗೆ ಬೆನ್ನು ತಿರುಗಿಸಿ ಉಪ್ಪು ಹಾಕಿದೆ.